ಮೂರನೇ ಮಹಡಿಯ ದೂರು

ಮನೆಯಿಂದ,
ನವೆಂಬರ್ ೯, ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಅಮ್ಮನಿಂದ ಒಂದು ಮುತ್ತು. ಬೈಗುಳ ಇಲ್ಲ, ಹುಡುಕಬೇಡ.

ಲಕೋಟೆಯ ಮೇಲಿನ ವಿಳಾಸ ನೋಡಿಯೇ ನಿನ್ನ ಎದೆ ಧಸಕ್ಕೆಂದಿರಬೇಕು. ಹೌದು, ನೀನು ಗೆಳತಿಯರ ಜೊತೆಗಿದ್ದ ಆ ಮೂರನೇ ಮಹಡಿಯ ಮನೆ ಬಿಟ್ಟು ನಾಲ್ಕು ತಿಂಗಳಾಯಿತೆಂದು ನನಗೆ ಗೊತ್ತು. ಕಾಲೇಜಿಗೆ ಹೋಗುತ್ತಿಲ್ಲವೆಂದೂ ಗೊತ್ತು. ಹಿಂದಿನ ಬೀದಿಯ ಫೋಟೋ ಫ್ರೇಮ್ ಅಂಗಡಿಯಲ್ಲಿ ಕೆಲಸ, ಅದರ ಮೇಲಿನ ಕೋಣೆಯಲ್ಲಿ ವಾಸ. ಮೊದಲು ಕೂತುಕೋ. ನೀರು ಕುಡಿ. ಕಾಗದ ಹರಿಯಬೇಡ, ಅರ್ಧ ಓದಿ ಮಡಚಿ ದಿಂಬಿನ ಕೆಳಗೂ ಇಡಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಪೂರ್ತಿ ಓದು. ಇದರಲ್ಲಿ ನಿನ್ನ ಕಳ್ಳತನಕ್ಕಿಂತ ನನ್ನ ಕಳ್ಳತನವೇ ದೊಡ್ಡದಿದೆ. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಸುಳ್ಳು ಹೇಳುವುದರಲ್ಲಿ ನಾವಿಬ್ಬರೂ ಚೆನ್ನಾಗಿ ಪಳಗಿಬಿಟ್ಟಿದ್ದೇವೆ. ಭಾನುವಾರ ಬಂತೆಂದರೆ ಅದೇ ಪಾಠ ಒಪ್ಪಿಸುತ್ತೇವೆ. ಊಟ ಆಯ್ತಾ, ಆಯ್ತು. ಓದು ಹೇಗಿದೆ, ಚೆನ್ನಾಗಿದೆ. ನಿನ್ನ ಆಫೀಸು ಹೇಗಿದೆಯಮ್ಮಾ, ಇದ್ದ ಹಾಗೇ ಇದೆ ಕಣೇ. ಸರಿ, ಇಡ್ಲಾ, ಇಡು.

ಆಫೀಸು ಇದ್ದ ಹಾಗೇ ಇಲ್ಲ. ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ನನ್ನ ಕುರ್ಚಿ ಹೋಗಿ ಹತ್ತು ತಿಂಗಳಾಯಿತು. ಹತ್ತೊಂಬತ್ತು ವರ್ಷ ಒಂದು ಕಿವಿಗೆ ಫೋನು ಅಂಟಿಸಿಕೊಂಡು, ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಸಮಾಧಾನ ಹೇಳುತ್ತಾ, ಇನ್ನೊಂದು ಕೈಯಲ್ಲಿ ಚೀಟಿ ಬರೆದು ಮೆಕ್ಯಾನಿಕ್‌ಗಳನ್ನು ಓಡಿಸುತ್ತಿದ್ದೆವಲ್ಲ, ಆ ಆರು ಜನರಲ್ಲಿ ನಾಲ್ವರು ಬೇಡವಾದೆವು. ಇನ್ನು ಮುಂದೆ ಜನ ಮೊಬೈಲಿನಲ್ಲೇ ದೂರು ಬರೆಯುತ್ತಾರೆ, ಅದು ತಾನಾಗಿಯೇ ಹತ್ತಿರದ ಮೆಕ್ಯಾನಿಕ್‌ಗೆ ಹೋಗುತ್ತದೆ ಎಂದರು.

ಈ ಏರ್ಪಾಡು ಮಾಡಿಕೊಡಲು ಒಂದು ತಂತ್ರಜ್ಞಾನ ಸಲಹಾ ಕಂಪನಿಯವರು ಬಂದಿದ್ದರು. ಅವರಲ್ಲೊಬ್ಬಳು, ನಿನಗಿಂತ ಆರೇಳು ವರ್ಷಕ್ಕೆ ದೊಡ್ಡವಳಿರಬಹುದು, ವಾರ ಪೂರ್ತಿ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನಾನು ಮಾಡುವುದನ್ನೆಲ್ಲ ಬರೆದುಕೊಂಡಳು. ಯಾರಾದರೂ ಸಿಕ್ಕಿಕೊಂಡಿದ್ದೇನೆಂದು ಫೋನು ಮಾಡಿದರೆ ನಾನು ವಿಳಾಸಕ್ಕೂ ಮೊದಲು ಏನು ಕೇಳುತ್ತೇನೆ, ಅವರು ಅಳುತ್ತಿದ್ದರೆ ಎಷ್ಟು ಹೊತ್ತು ಸುಮ್ಮನಿರುತ್ತೇನೆ, ಎಲ್ಲ. ಕೆಮ್ಮಿದ್ದನ್ನೂ ಬರೆದುಕೊಂಡಳೇನೋ. ನನ್ನ ಕುರ್ಚಿಗೆ ಕುತ್ತು ತರುವವಳು ಎಂದು ಮೊದಲೆರಡು ದಿನ ನೆಟ್ಟಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಐದನೆಯ ದಿನ ಪುಸ್ತಕ ಮುಚ್ಚಿ, "ಇದೆಲ್ಲ ನಮಗಿಂತ ನಿಮಗೇ ಚೆನ್ನಾಗಿ ಗೊತ್ತಿದೆ. ನಮ್ಮ ಕಡೆ ಬಂದ್ಬಿಡಿ" ಎಂದಳು. ತಮಾಷೆ ಅಂದುಕೊಂಡೆ. ಮಾರನೆಯ ದಿನ ಅರ್ಜಿಯನ್ನೇ ತಂದು ಮೇಜಿನ ಮೇಲಿಟ್ಟಳು.

ಡಿಗ್ರಿ ಅಪ್ರೆಂಟಿಸ್ ಅಂತ. ವಾರಕ್ಕೆ ನಾಲ್ಕು ದಿನ ಅವರ ಕಂಪನಿಯಲ್ಲಿ ಕೆಲಸ, ಶುಕ್ರವಾರ ಕಾಲೇಜು. ನಾಲ್ಕು ವರ್ಷಕ್ಕೆ ಕಸುಬೂ ಕಲಿತಂತೆ, ಪದವಿಯೂ ಬಂದಂತೆ. ವಯಸ್ಸಿನ ಮಿತಿ ಎಂಬ ಜಾಗದಲ್ಲಿ "ಇಲ್ಲ" ಎಂದಿತ್ತು. ಅಚ್ಚಿನ ತಪ್ಪಿರಬೇಕೆಂದು ಫೋನು ಮಾಡಿ ಕೇಳಿದೆ. ತಪ್ಪಲ್ಲ ಎಂದರು.

ಹಾಗಾಗಿ ಗುಬ್ಬೀ, ನಲವತ್ತಾರು ತುಂಬಿದ ನಿನ್ನ ಅಮ್ಮ ಈಗ ಮೊದಲನೇ ವರ್ಷದ ವಿದ್ಯಾರ್ಥಿನಿ. ನೀನು ನನಗೆ ಸೀನಿಯರ್. ನಗುತ್ತಿದ್ದೀಯಾ? ನಗು. ನಿಮ್ಮಪ್ಪನಂತೂ ಮೊದಲ ದಿನ ನನ್ನ ಬ್ಯಾಗು, ನೀರಿನ ಬಾಟಲಿ ನೋಡಿ ಎರಡು ಜಡೆ ಯಾಕೆ ಹಾಕಿಲ್ಲ ಎಂದು ಕೇಳಿದರು. ಬಸ್ಸಿನ ಸ್ಟಿಯರಿಂಗ್ ಹಿಡಿಯುವ ಕೈಗೆ ಈಗ ಸೌಟೂ ಬಂದಿದೆ. ಅನ್ನ ಒಂದು ದಿನ ಗಂಜಿ, ಒಂದು ದಿನ ಮರಳು. ನಾನು ಬಾಯಿಬಿಡುವುದಿಲ್ಲ. ನಿನಗೆ ಮಾತ್ರ ಹೇಳಬಾರದೆಂದು ಅವರಿಂದ ಮಾತು ತೆಗೆದುಕೊಂಡಿದ್ದೆ. ಯಾಕೆಂದು ಮುಂದೆ ಬರೆಯುತ್ತೇನೆ, ತಾಳು.

ಸಲಹಾ ಕಂಪನಿ ಎಂದರೆ ಏನು ಎಂದು ನಿಮ್ಮಪ್ಪ ಕೇಳಿದಾಗ ನಾನು ಹೇಳಿದ್ದಿಷ್ಟು: ಬೇರೆಯವರ ಅಡುಗೆಮನೆಯಲ್ಲಿ ನಿಂತು, ಉಪ್ಪಿನ ಡಬ್ಬಿ ಎಲ್ಲಿಟ್ಟರೆ ಕೈಗೆ ಬೇಗ ಸಿಗುತ್ತದೆ ಎಂದು ಆ ಮನೆಯವಳಿಗೇ ಹೇಳಿ ಬರುವುದು. ಮನೆಯವಳಿಗೆ ಸಿಟ್ಟು ಬರುತ್ತದೆ, ಸಹಜ. ಆದರೆ ಎಷ್ಟೋ ಸಲ ಡಬ್ಬಿ ನಿಜವಾಗಿಯೂ ತಪ್ಪು ಜಾಗದಲ್ಲೇ ಇರುತ್ತದೆ.

ಮೊದಲ ದಿನದ ಅವಮಾನವನ್ನೂ ಹೇಳಿಬಿಡುತ್ತೇನೆ. ಸ್ವಾಗತದ ಮೇಜಿನವಳು ನನ್ನನ್ನು ನೋಡಿ ಬಲು ಗೌರವದಿಂದ, "ಮಗಳನ್ನ ಬಿಡೋಕೆ ಬಂದ್ರಾ? ಪೋಷಕರು ಆ ಕಡೆ ಕೂತ್ಕೊಳ್ಳಿ" ಎಂದಳು. ನಾನೂ ಹೋಗಿ ಕೂತೆ! ಹತ್ತು ನಿಮಿಷ ಕೂತಿದ್ದೆ. ಒಬ್ಬರ ತಂದೆಯ ಜೊತೆ ಮಾತಾಡಿದ್ದೂ ಆಯಿತು, ಮಕ್ಕಳು ಈಗ ಮಾತು ಕೇಳುವುದಿಲ್ಲ ಎಂದು. ಆಮೇಲೆ ಪಟ್ಟಿಯಲ್ಲಿದ್ದ ಹನ್ನೊಂದು ಹೆಸರಲ್ಲಿ ಒಂದು ಕಡಿಮೆ ಬಿತ್ತೆಂದು ಕೂಗಿದಾಗ ಎದ್ದು ನಿಂತೆ.

ಉಳಿದ ಹತ್ತೂ ಜನ ನಿನ್ನ ವಯಸ್ಸಿನವರು. ನನ್ನ ಪಕ್ಕದಲ್ಲಿ ಕೂರುವವಳು ದಪ್ಪ ಕನ್ನಡಕದ ಒಂದು ಹುಡುಗಿ. ಬೆರಳು ಕೀಲಿಗಳ ಮೇಲೆ ಆಲಿಕಲ್ಲು ಬಿದ್ದ ಹಾಗೆ ಓಡುತ್ತವೆ. ಆದರೆ ಗ್ರಾಹಕರಿಗೆ ಒಂದು ಫೋನು ಮಾಡು ಎಂದರೆ ಅವಳ ಮುಖ ಬೆಳ್ಳಗಾಗುತ್ತದೆ. ಅದಕ್ಕೆ ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಅವಳ ಫೋನುಗಳೆಲ್ಲ ನನ್ನವು, ನನ್ನ ಕೋಷ್ಟಕಗಳೆಲ್ಲ ಅವಳವು. ನಮ್ಮ ಮೇಲ್ವಿಚಾರಕಿ, ಅದೇ ಸ್ಟೂಲಿನ ಹುಡುಗಿ, ಒಂದು ತಿಂಗಳಲ್ಲೇ ಹಿಡಿದುಬಿಟ್ಟಳು. ನಾನು ಅವಳನ್ನು ಪುಟ್ಟ ಮೇಡಂ ಎನ್ನುತ್ತೇನೆ, ಅವಳಿಗೆ ಗೊತ್ತು. "ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ" ಎಂದು ನನ್ನ ಗಾದೆಯನ್ನೇ ನನಗೆ ತಿರುಗಿಸಿದಳು. ಆವತ್ತಿನಿಂದ ನನ್ನ ಕೋಷ್ಟಕ ನಾನೇ ಮಾಡಬೇಕು.

ಬೆಳಿಗ್ಗೆ ಒಂಬತ್ತೂಕಾಲಿಗೆ ಎಲ್ಲರೂ ಗೋಡೆಯ ಮುಂದೆ ನಿಂತು ಮಾತಾಡುವ ಸಭೆ. ಕೂತರೆ ಮಾತು ಬೆಳೆಯುತ್ತದೆಂದು ನಿಲ್ಲಿಸುತ್ತಾರೆ. ನನ್ನ ಮಂಡಿಗೆ ಈ ಕಾರಣ ಇನ್ನೂ ಒಪ್ಪಿಗೆಯಾಗಿಲ್ಲ. ಪ್ರತಿಯೊಬ್ಬರೂ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಎಲ್ಲಿ ಸಿಕ್ಕಿಕೊಂಡಿದ್ದೀ. ಮೊದಲೆರಡಕ್ಕೆ ನಾನು ಉದ್ದುದ್ದ ಹೇಳುತ್ತಿದ್ದೆ. ಮೂರನೆಯದಕ್ಕೆ ಒಂಬತ್ತು ತಿಂಗಳು ದಿನಾ ಒಂದೇ ಉತ್ತರ: ಎಲ್ಲೂ ಇಲ್ಲ.

ಸುಳ್ಳು ಕಣೇ. ಎಲ್ಲೆಲ್ಲೂ ಸಿಕ್ಕಿಕೊಂಡಿದ್ದೆ. ಅವರಾಡುವ ಪದಗಳಲ್ಲಿ ಅರ್ಧ ತಿಳಿಯುತ್ತಿರಲಿಲ್ಲ, ಕೈಮೇಲೆ ಬರೆದುಕೊಂಡು ಶೌಚಾಲಯಕ್ಕೆ ಹೋಗಿ ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಪರದೆಯ ಅಕ್ಷರ ಕಾಣುತ್ತಿರಲಿಲ್ಲ. ನನ್ನ ಕನ್ನಡಕ ಹಳೆಯದಾಗಿದೆ, ಹೊಸದು ಮಾಡಿಸಬೇಕು ಎಂದು ಹೇಳಿದರೆ ಅಜ್ಜಿ ಎಂದುಕೊಂಡಾರು ಎಂಬ ಬಿಂಕ. ಯಾರೂ ನೋಡದಾಗ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಿದ್ದೆ, ಯಾರಾದರೂ ಬಂದರೆ ಚಿಕ್ಕದು. ಶುಕ್ರವಾರದ ಕಾಲೇಜಿನ ಕಥೆ, ಪರೀಕ್ಷೆಯ ಕಥೆ ಬೇರೆಯೇ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ಅಕ್ಟೋಬರ್ ೨೯ಕ್ಕೆ ಬರುತ್ತೇನೆ. ಬುಧವಾರ.

ದೂರಿನ ಹೊಸ ಏರ್ಪಾಡು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಸುಳ್ಳು ದೂರುಗಳನ್ನು ಬರೆದು ಕಳಿಸುವ ಕೆಲಸ ನನಗೆ ಕೊಟ್ಟಿದ್ದರು. ಅದಕ್ಕೆಂದೇ ಒಂದು ಅಭ್ಯಾಸದ ಪರದೆ ಇದೆ, ಅಲ್ಲಿ ಏನು ಬರೆದರೂ ಯಾವ ಮೆಕ್ಯಾನಿಕ್‌ಗೂ ಹೋಗುವುದಿಲ್ಲ. ನಿಜದ ಪರದೆಯೂ ನೋಡಲು ಥೇಟ್ ಅದೇ. ಮೇಲುಗಡೆ ಒಂದು ಪಟ್ಟಿ ಇರುತ್ತದೆ, ಅಭ್ಯಾಸದ್ದಾದರೆ ಹಳದಿ, ನಿಜದ್ದಾದರೆ ಹಸಿರು. ಅಷ್ಟೇ ವ್ಯತ್ಯಾಸ. ಹುಡುಗರೆಲ್ಲ ಸುಳ್ಳು ದೂರು ಎಂದರೆ "ಅಅಅ" ಎಂದೋ "೧೨೩" ಎಂದೋ ತುಂಬುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಹತ್ತೊಂಬತ್ತು ವರ್ಷ ದೂರು ಕೇಳಿದವಳು, ಸುಳ್ಳು ದೂರಿಗೂ ಒಂದು ಮರ್ಯಾದೆ ಬೇಡವೇ? ಚೆನ್ನಾಗಿ ಯೋಚಿಸಿ, ನಿಜದ ಜನ ಬರೆದಂತೆಯೇ ಬರೆಯುತ್ತಿದ್ದೆ.

ಮಧ್ಯಾಹ್ನ ಕನ್ನಡಕದ ಹುಡುಗಿ ನಮ್ಮ ಕಂಪ್ಯೂಟರಿನಲ್ಲಿ ಏನನ್ನೋ ನೋಡಲು ನಿಜದ ಪರದೆ ತೆರೆದು, ಹಾಗೇ ಬಿಟ್ಟು ಊಟಕ್ಕೆ ಹೋದಳು. ನಾನು ಬಂದು ಕೂತೆ. ಸುತ್ತ ಯಾರೂ ಇರಲಿಲ್ಲ, ಅಕ್ಷರ ದೊಡ್ಡದು ಮಾಡಿಕೊಂಡೆ. ದೊಡ್ಡದಾದ ರಭಸಕ್ಕೆ ಮೇಲಿನ ಪಟ್ಟಿ ಪರದೆಯಿಂದಲೇ ಆಚೆ ಸರಿದುಹೋಯಿತು. ಹಳದಿಯೋ ಹಸಿರೋ, ನನಗೆ ಕಂಡರೆ ತಾನೆ! ನಾಲ್ಕು ದೂರು ಬರೆದೆ. ಮೂರು ವಿಳಾಸಗಳಲ್ಲಿ ನನ್ನ ಹಳೆಯ ಕಂಪನಿಯ ಲಿಫ್ಟೇ ಇರಲಿಲ್ಲವಾದ್ದರಿಂದ ಅವು ಹಾಗೇ ವಾಪಸ್ಸು ಬಂದವು. ನಾಲ್ಕನೆಯದಕ್ಕೆ ಯಾವ ವಿಳಾಸ ಹಾಕಲಿ ಎಂದು ಯೋಚಿಸುವಷ್ಟರಲ್ಲಿ ಕೈ ತಾನೇ ನಿನ್ನ ವಿಳಾಸ ಹಾಕಿತ್ತು. ಎರಡು ವರ್ಷದಿಂದ ದಿನಾ ಮನಸ್ಸಿನಲ್ಲಿ ಓದಿಕೊಳ್ಳುವ ವಿಳಾಸ ಅದೊಂದೇ.

ಬರೆದದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ. "ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತಿದೆ. ಒಳಗೆ ಒಬ್ಬಳು ಹುಡುಗಿ ಇದ್ದಾಳೆ. ಒಬ್ಬಳೇ. ಕರೆದರೆ ಉತ್ತರ ಕೊಡುತ್ತಿಲ್ಲ. ಅವಳ ಜೊತೆ ಮಾತಾಡುತ್ತಾ ಕೆಲಸ ಮಾಡಿ."

ಯಾಕೆ ಹಾಗೆ ಬರೆದೆನೋ ನನಗೆ ಗೊತ್ತಿಲ್ಲ. ನಿನ್ನಾಣೆ, ಆಗ ನನಗೆ ನಿನ್ನ ವಿಷಯ ಒಂದಿಷ್ಟೂ ತಿಳಿದಿರಲಿಲ್ಲ.

ಒಳಗೆ ಜನ ಸಿಕ್ಕಿಕೊಂಡಿದ್ದಾರೆ ಎಂದರೆ ಅದು ತುರ್ತು. ನಿನ್ನ ಊರಿನ ಮೆಕ್ಯಾನಿಕ್ ಒಬ್ಬನಿದ್ದಾನೆ, ಹನ್ನೊಂದು ವರ್ಷದಿಂದ ದನಿಯಲ್ಲೇ ಪರಿಚಯ, ಮುಖ ನೋಡಿಲ್ಲ. ಮಾತಿಗೊಂದು "ನಿಧಾನ, ನಿಧಾನ" ಎನ್ನುತ್ತಾನೆಂದು ನಾವೆಲ್ಲ ನಿಧಾನಪ್ಪ ಎಂದೇ ಕರೆಯುವುದು. ಅವತ್ತು ಮಾತ್ರ ನಿಧಾನ ಮಾಡಲಿಲ್ಲ. ಬೇರೊಂದು ಕಟ್ಟಡದಲ್ಲಿ ಅರ್ಧ ಬಿಚ್ಚಿದ ಮೋಟಾರನ್ನು ಹಾಗೇ ಬಿಟ್ಟು ಓಡಿದ. ಅಲ್ಲಿ ಒಬ್ಬ ವಯಸ್ಸಾದವರು ಎರಡು ಚೀಲ ಹೊತ್ತು ಐದು ಮಹಡಿ ಹತ್ತಿದರಂತೆ. ಇತ್ತ ನಿನ್ನ ಹಳೆಯ ಕಟ್ಟಡದಲ್ಲಿ ಲಿಫ್ಟು ಸರಾಗವಾಗಿ ಮೇಲೆ ಕೆಳಗೆ ಓಡಾಡುತ್ತಿತ್ತು. ಕಾವಲಿನವನು ನಕ್ಕನಂತೆ. "ಮಾತಾಡುತ್ತಾ ಕೆಲಸ ಮಾಡಿ" ಎಂಬ ಸಾಲು ಓದಿಯೇ ನಿಧಾನಪ್ಪನಿಗೆ ಇದು ನನ್ನ ಕೈಬರಹವೇ ಎನ್ನುವಷ್ಟು ಗುರುತು ಸಿಕ್ಕಿತು. ಎಷ್ಟು ವರ್ಷ ಅವನ ಪ್ರತಿ ಚೀಟಿಯ ಕೊನೆಗೂ ನಾನು ಅದನ್ನೇ ಬರೆದಿದ್ದೇನೆ! ನೀನು ಆ ಮನೆಗೆ ಹೋದ ಹೊಸದರಲ್ಲಿ, ನನ್ನ ಮಗಳಿರುವ ಕಟ್ಟಡ, ಆ ಲಿಫ್ಟನ್ನು ಸ್ವಲ್ಪ ಚೆನ್ನಾಗಿ ನೋಡಪ್ಪ ಎಂದೂ ಅವನಿಗೆ ಹೇಳಿದ್ದೆ. ಹೆದರಿ, ಹತ್ತಿ ಹೋಗಿ ನಿಮ್ಮ ಮನೆಯ ಬಾಗಿಲು ಬಡಿದನಂತೆ. ನಿನ್ನ ಜಾಗಕ್ಕೆ ಬಂದ ಯಾರೋ ಹೊಸ ಹುಡುಗಿ ತೆಗೆದಳು.

ಅವನ ಫೋನು ಬಂದಾಗ ಎರಡೂಮುಕ್ಕಾಲು. "ಅಕ್ಕಾ, ಗಾಬರಿ ಆಗ್ಬೇಡಿ, ಲಿಫ್ಟು ಸರಿಯಾಗಿದೆ, ಒಳಗೆ ಯಾರೂ ಇಲ್ಲ. ಆದ್ರೆ ನಿಮ್ಮ ಮಗಳು ಇಲ್ಲಿಲ್ಲ. ಹೋಗಿ ನಾಲ್ಕು ತಿಂಗಳಾಯ್ತಂತೆ" ಎಂದ.

ಆಮೇಲೆ ಮೂರು ಗಂಟೆ ನಾನು ಹೇಗಿದ್ದೆ ಎಂದು ಬರೆಯಲಾರೆ. ನಿನಗೆ ಫೋನು ಮಾಡಲು ನಾಲ್ಕು ಸಲ ಬೆರಳು ಹೋಯಿತು. ಮಾಡಿದರೆ ಎತ್ತಿ "ಕ್ಲಾಸಲ್ಲಿದ್ದೀನಮ್ಮ" ಎನ್ನುತ್ತೀ, ಆ ಸುಳ್ಳನ್ನು ಕಿವಿಯಾರೆ ಕೇಳುವ ಶಕ್ತಿ ಇರಲಿಲ್ಲ. ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಎಷ್ಟು ಧೈರ್ಯ ಇವಳಿಗೆ, ಭಾನುವಾರ ಭಾನುವಾರ ಓದು ಚೆನ್ನಾಗಿದೆ ಎಂದಳಲ್ಲ ಎಂದು ಹಲ್ಲು ಕಡಿದೆ. ಆಮೇಲೆ, ಭಾನುವಾರ ಭಾನುವಾರ ಆಫೀಸು ಇದ್ದ ಹಾಗೇ ಇದೆ ಎಂದವಳು ಯಾರು ಎಂಬುದು ನೆನಪಾಯಿತು. ಸಿಟ್ಟು ಕೂತುಬಿಟ್ಟಿತು. ಹೆದರಿಕೆ ಮಾತ್ರ ಉಳಿಯಿತು.

ಆರು ಗಂಟೆಗೆ ನಿಧಾನಪ್ಪ ಮತ್ತೆ ಫೋನು ಮಾಡಿದ. ಡ್ಯೂಟಿ ಮುಗಿಸಿ, ಕಾವಲಿನವನನ್ನು ಕೇಳಿ, ನಿನ್ನನ್ನು ಹುಡುಕಿಕೊಂಡು ತಾನೇ ಹೋಗಿದ್ದನಂತೆ. ಅವತ್ತು ಸಂಜೆ ಅಂಗೈ ಅಗಲದ ಫ್ರೇಮ್ ಒಂದನ್ನು ಕೊಂಡುಹೋದ ನಡುವಯಸ್ಸಿನವನು ನೆನಪಿದ್ದಾನೆಯೇ? ನೀಲಿ ಅಂಗಿ, ಜೇಬಿನಲ್ಲಿ ಟಾರ್ಚು? ಅವನೇ. ಅಂಗಡಿಯ ಯಜಮಾನ, "ಒಳ್ಳೆ ಕೈ ಇದೆ ಹುಡುಗಿಗೆ, ಬೆಳಿಗ್ಗೆ ಬಾಗಿಲು ತೆಗೆಯೋದೂ ಅವಳೇ, ಸಂಜೆ ಹಾಕೋದೂ ಅವಳೇ" ಎಂದನಂತೆ. ಅದರಿಂದಲೇ ಕಾಲೇಜಿನ ವಿಷಯ ತಿಳಿದದ್ದು. "ಚೆನ್ನಾಗಿದ್ದಾಳೆ ಅಕ್ಕಾ. ಗಾಜು ಕತ್ತರಿಸ್ತಿದ್ಲು. ಬೆರಳಿಗೆ ಒಂದು ಪಟ್ಟಿ ಇತ್ತು, ಅಷ್ಟೇ" ಎಂದ. ಯಾವ ಕೈಯ ಬೆರಳು ಎಂದು ಕೇಳಿದೆ. ಪಾಪ, ಅವನು ನೋಡಿರಲಿಲ್ಲ. ನಾನು ಅಲ್ಲೇ, ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ನೆಮ್ಮದಿಗೆ ಅತ್ತದ್ದು, ಬೇರೆ ಅಂದುಕೊಳ್ಳಬೇಡ.

ಇನ್ನೊಂದು ಕಷ್ಟ ಉಳಿದಿತ್ತು. ತುರ್ತು ದೂರು ಸುಳ್ಳಾದದ್ದಕ್ಕೆ ಲಿಫ್ಟ್ ಕಂಪನಿಯವರು ಕೆಂಡವಾಗಿದ್ದರು. ದೂರು ದಾಖಲಾದದ್ದು ಕನ್ನಡಕದ ಹುಡುಗಿಯ ಹೆಸರಿನಲ್ಲಿ, ಪರದೆ ತೆರೆದವಳು ಅವಳಲ್ಲವೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬೀಳುವುದು ಅವಳ ತಲೆಯ ಮೇಲೆ. ಬಾಯಿಬಿಟ್ಟರೆ ನನ್ನ ಅಪ್ರೆಂಟಿಸ್‌ಗಿರಿ ಅಲ್ಲಿಗೇ ಮುಗಿಯಬಹುದು, ಅದರ ಜೊತೆಗೇ ಪದವಿಯೂ. ಬೆಳಿಗ್ಗೆ ಒಂಬತ್ತೂಕಾಲಿಗೆ ಗೋಡೆಯ ಮುಂದೆ ನಿಂತೆವು. ಆ ಹುಡುಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡು ಬಂದಿದ್ದಳು, ತಾನೇ ಏನೋ ಮುಟ್ಟಿರಬೇಕೆಂದು ನಂಬಿಬಿಟ್ಟಿದ್ದಳು. ನನ್ನ ಸರದಿ ಬಂತು. ಮೂರನೆಯ ಪ್ರಶ್ನೆಗೆ ಒಂಬತ್ತು ತಿಂಗಳಲ್ಲಿ ಮೊದಲ ಸಲ ನಿಜ ಹೇಳಿದೆ. ಕಣ್ಣು ಕಾಣುವುದಿಲ್ಲ ಎಂಬಲ್ಲಿಂದ ಶುರುಮಾಡಿ ನಿನ್ನ ವಿಳಾಸದವರೆಗೆ. ಹದಿನೈದು ನಿಮಿಷದ ಸಭೆ ನಲವತ್ತು ನಿಮಿಷ ಆಯಿತು. ಪುಟ್ಟ ಮೇಡಂ ನನಗೊಂದು ಕುರ್ಚಿ ತಂದು ಹಾಕಿದಳು.

ತಪ್ಪಾದರೆ ಆ ಆಫೀಸಿನಲ್ಲಿ ಒಂದು ಕ್ರಮವಿದೆ. ಯಾರು ಎಂದು ಕೇಳುವ ಹಾಗಿಲ್ಲ, ಯಾಕೆ ಎಂದು ಐದು ಸಲ ಕೇಳಬೇಕು. ತಪ್ಪು ಮಾಡಿದವರೇ ಕೂತು ಹಾಳೆಯ ಮೇಲೆ ಉತ್ತರ ಬರೆಯಬೇಕು. ಬರೆದೆ. ಮೆಕ್ಯಾನಿಕ್ ಸುಮ್ಮನೆ ಯಾಕೆ ಹೋದ? ಅಭ್ಯಾಸದ ದೂರು ನಿಜದ ಪರದೆಗೆ ಬಿತ್ತು. ಯಾಕೆ ಬಿತ್ತು? ಪಟ್ಟಿಯ ಬಣ್ಣ ಕಾಣಲಿಲ್ಲ. ಯಾಕೆ ಕಾಣಲಿಲ್ಲ? ಅಕ್ಷರ ದೊಡ್ಡದು ಮಾಡಿಕೊಂಡಿದ್ದೆ. ಕಣ್ಣಿನ ತೊಂದರೆ ಇದೆಯೆಂದು ಯಾಕೆ ಹೇಳಿರಲಿಲ್ಲ? ನಾಚಿಕೆ. ಐದನೆಯದು, ನಾಚಿಕೆ ಯಾಕೆ? ಅಲ್ಲಿ ಪೆನ್ನು ನಿಂತಿತು. ಆ ಜಾಗ ಖಾಲಿ ಬಿಟ್ಟೇ ಕೊಟ್ಟೆ. ಪುಟ್ಟ ಮೇಡಂ ನೋಡಿ, ನಾಲ್ಕು ಸಾಕು ಎಂದಳು. ನನ್ನನ್ನು ತೆಗೆಯಲಿಲ್ಲ ಗುಬ್ಬೀ. ಒಂದು ಎಚ್ಚರಿಕೆಯ ಪತ್ರ ಕೊಟ್ಟರು, ಅದಕ್ಕೆ ನಾನು ಅರ್ಹಳೇ. ಈಗ ಅಭ್ಯಾಸದ ಪರದೆಯನ್ನು ಪೂರ್ತಿ ಹಳದಿ ಮಾಡಿದ್ದಾರೆ, ಕುರುಡರಿಗೂ ಕಾಣಬೇಕು ಹಾಗೆ. ನಾನು ಹೊಸ ಕನ್ನಡಕ ಮಾಡಿಸಿದೆ. ಚೆನ್ನಾಗಿಲ್ಲ ಎಂದು ನಿಮ್ಮಪ್ಪ.

ಆ ಹಾಳೆಯ ಒಂದು ಪ್ರತಿ ಮನೆಗೆ ತಂದಿದ್ದೆ. ಅದರ ಹಿಂಬದಿಯಲ್ಲಿ ಇನ್ನೊಂದು ಬರೆದೆ. ಮಗಳು ಮನೆ ಬದಲಿಸಿದ್ದನ್ನು ಯಾಕೆ ಹೇಳಲಿಲ್ಲ? ಹೇಳಿದರೆ ಕಾಲೇಜು ಬಿಟ್ಟದ್ದನ್ನೂ ಹೇಳಬೇಕಿತ್ತು. ಅದನ್ನು ಯಾಕೆ ಹೇಳಲಿಲ್ಲ? ಅಮ್ಮ ಬೈಯುತ್ತಾಳೆ. ಹಾಗೆ ಯಾಕೆ ಅನ್ನಿಸಿತು? ಹೋದ ವರ್ಷ ಬೈದಿದ್ದಳು.

ಹೋದ ವರ್ಷ ಗಣಿತದಲ್ಲಿ ನಿನಗೆ ಇಪ್ಪತ್ತೊಂಬತ್ತು ಬಂದ ದಿನ, ನಿನ್ನ ಸೋದರತ್ತೆ ಮನೆಯವರೆಲ್ಲ ಕೂತಿದ್ದ ಆ ಮಧ್ಯಾಹ್ನ, ನಾನು ಏನೆಂದೆ ಎಂಬುದು ನಿನಗೆ ಮರೆತಿಲ್ಲ, ನನಗೂ ಮರೆತಿಲ್ಲ. "ಹತ್ತೊಂಬತ್ತು ವರ್ಷ ಫೋನು ಎತ್ತಿದ್ದು ಇಪ್ಪತ್ತೊಂಬತ್ತು ಮಾರ್ಕು ನೋಡೋಕಾ?" ಎಲ್ಲರೂ ನಕ್ಕರು. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಸಂಜೆ ನನ್ನ ಹತ್ತಿರ ಬಂದು "ಅಮ್ಮಾ, ಒಂದು ಮಾತು" ಎಂದೆಯಲ್ಲ, ನಾನು ಕೈ ಎತ್ತಿ, ಇನ್ನೇನು ಮಾತು ಉಳಿದಿದೆ, ಹೋಗಿ ಓದು ಎಂದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ನಾನೇ. ಯಾರ್ಯಾರೋ ಮುಖ ಕಾಣದವರ ದೂರನ್ನು, ಅವರು ಮುಗಿಸುವವರೆಗೂ ಒಂದು ಮಾತು ನಡುವೆ ಹಾಕದೆ ಹತ್ತೊಂಬತ್ತು ವರ್ಷ ಕೇಳಿದೆ. ನನ್ನ ಮಗಳದೊಂದನ್ನು ಕೇಳಲಿಲ್ಲ.

ಹಾಗಾದರೆ ಅವತ್ತು ಯಾಕೆ ಬೈದೆ? ಅದು ನಾಲ್ಕನೆಯದು. ನಿನ್ನ ಅತ್ತೆಯ ಮುಂದೆ ನನಗೆ ನಾಚಿಕೆಯಾಗಿತ್ತು. ನಾಚಿಕೆ ಯಾಕೆ ಎಂಬಲ್ಲಿ ಮತ್ತೆ ಪೆನ್ನು ನಿಂತಿತು, ಅದೇ ಜಾಗದಲ್ಲಿ. ಈ ಸಲ ಖಾಲಿ ಬಿಡಲಿಲ್ಲ. ನನಗೆ ಗೊತ್ತಿಲ್ಲ ಎಂದು ಜನರ ಮುಂದೆ ಒಪ್ಪಿಕೊಳ್ಳುವುದೆಂದರೆ ನನಗೆ ಚಿಕ್ಕಂದಿನಿಂದ ಪ್ರಾಣಭಯ. ನಾನು ಓದದೆ ಬಿಟ್ಟದ್ದನ್ನೆಲ್ಲ ನೀನು ಓದಿ ತೋರಿಸಿದರೆ ಆ ಭಯ ಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಮಾರ್ಕ್ಸ್ ಕಾರ್ಡನ್ನು ನಿನ್ನ ಕೈಗೆ ಕೊಟ್ಟು ಬರೆದುಕೊಂಡು ಬಾ ಎಂದೆ. ನಾನು ಸೇರಿದ್ದನ್ನು ನಿನ್ನಿಂದ ಮುಚ್ಚಿಟ್ಟದ್ದೂ ಇದಕ್ಕೇ. ನಾನೇ ಎಡವಿದರೆ ಯಾವ ಮುಖ ಇಟ್ಟುಕೊಂಡು ನಿನ್ನೆದುರು ನಿಲ್ಲಲಿ?

ತಪ್ಪಾಯಿತು ಮಗಳೇ. ಅಂದ ಮಾತಿಗೂ, ಕೇಳದೆ ಹೋದ ಮಾತಿಗೂ.

ಕಾಲೇಜಿಗೆ ವಾಪಸ್ಸು ಹೋಗು ಎಂದು ಈ ಕಾಗದದಲ್ಲಿ ಎಲ್ಲಾದರೂ ಬರೆದಿದ್ದರೆ ತೋರಿಸು. ಬರೆದಿಲ್ಲ, ಬರೆಯುವುದೂ ಇಲ್ಲ. ಗಾಜು ಕತ್ತರಿಸುವುದು ನಿನಗೆ ಇಷ್ಟವಿದ್ದರೆ ಗಾಜೇ ಕತ್ತರಿಸು, ಆದರೆ ದಪ್ಪ ಕೈಗವಸು ಹಾಕಿಕೋ. ನಿಮ್ಮಪ್ಪನಿಗೆ ನಿನ್ನ ವಿಷಯ ನಾನು ಹೇಳಿಲ್ಲ. ಹೇಳುವುದು ನಿನ್ನ ಹಕ್ಕು, ನಿನಗೆ ಬೇಕಾದಾಗ ಹೇಳು. ಅವರು ನನ್ನ ಹಾಗಲ್ಲ, ಮೊದಲು ಊಟ ಹಾಕಿ ಆಮೇಲೆ ಕೇಳುತ್ತಾರೆ. ಅನ್ನ ಹೇಗಿರುತ್ತದೆಂದು ಮೇಲೆ ಬರೆದಿದ್ದೇನೆ.

ಬರುವ ಭಾನುವಾರ ಎಂದಿನ ಹೊತ್ತಿಗೇ ಫೋನು ಮಾಡುತ್ತೇನೆ. ಊಟ ಆಯ್ತಾ ಎಂದು ಕೇಳುವುದಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದೀ ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ. ನೀನು ಎಷ್ಟು ಹೊತ್ತು ಬೇಕಾದರೂ ತೆಗೆದುಕೋ. ಎಲ್ಲೂ ಇಲ್ಲ ಎಂದರೂ ಸರಿ, ನಂಬುವುದಿಲ್ಲ ಅಷ್ಟೇ. ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕುವುದಿಲ್ಲ. ಅದು ನನ್ನ ಹಳೆಯ ಕಸುಬು, ಮನೆಯಲ್ಲಿ ಈಗ ಶುರುಮಾಡುತ್ತಿದ್ದೇನೆ.

ಇತಿ ನಿನ್ನ ಜೂನಿಯರ್,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೂರು ಪುಟದಿಂದ ಮುಂದೂಡುತ್ತಾ ಬಂದದ್ದು. ಪರೀಕ್ಷೆಯ ಕಥೆ ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ. ಫಲಿತಾಂಶ ಬಂದು ಎರಡು ವಾರವಾಯಿತು. ನಿಮ್ಮಪ್ಪನಿಗೂ ಹೇಳಿಲ್ಲ, ಮೊದಲು ನಿನಗೇ ಹೇಳುತ್ತಿದ್ದೇನೆ. ಉಳಿದದ್ದೆಲ್ಲ ಪಾಸು. ಗಣಿತದಲ್ಲಿ ಇಪ್ಪತ್ತಾರು. ಮರುಪರೀಕ್ಷೆ ನವೆಂಬರ್ ೨೧ಕ್ಕೆ, ಇನ್ನು ಹನ್ನೆರಡೇ ದಿನ. ಯಾರಾದರೂ ಹೇಳಿಕೊಟ್ಟರೆ ಪಾಸಾದೇನು. ಆಫೀಸಿನ ಮಕ್ಕಳು ತಯಾರಿದ್ದಾರೆ, ಆದರೆ ಅವರಿಗೆಲ್ಲ ಎಂಬತ್ತು ತೊಂಬತ್ತು ಬಂದಿದೆ, ನಾನು ಎಲ್ಲಿ ಎಡವುತ್ತೇನೆಂದು ಅವರಿಗೆ ತಿಳಿಯುವುದಿಲ್ಲ. ನನಗಿಂತ ಬರೀ ಮೂರು ಮಾರ್ಕು ಹೆಚ್ಚು ಬಲ್ಲವಳು ನನಗೆ ಗೊತ್ತಿರುವುದು ಒಬ್ಬಳೇ.